ಟೆನ್ಷನ್ ಯಾರಿಗೆ ಜಾಸ್ತಿ, ಸಾಹೇಬರಿಗೋ ಜವಾನನಿಗೋ?

ಯಾವ ಸರ್ಕಾರಿ ಕಚೇರಿಯ ಕಾರಿಡಾರಿನಲ್ಲಿ ಕೇಳಿದರೂ ಉತ್ತರ ಒಂದೇ: ದೊಡ್ಡವರಿಗೆ ದೊಡ್ಡ ಟೆನ್ಷನ್. ಸಾಹೇಬರ ಮೇಜಿನ ಮೇಲೆ ಮೂರು ಫೋನು, ಮೇಲಿನಿಂದ ಮಂತ್ರಿಗಳ ಕಾಟ, ಕೆಳಗಿನಿಂದ ಯೂನಿಯನ್ನಿನ ಕಾಟ, ಡ್ರಾಯರಿನಲ್ಲಿ ಬಿ.ಪಿ. ಮಾತ್ರೆ. ಹೊರಗೆ ಸ್ಟೂಲಿನ ಮೇಲೆ ಕೂತ ಜವಾನನಿಗೇನು? ಬೆಲ್ ಆದರೆ ಏಳುವುದು, ಆಗದಿದ್ದರೆ ತೂಕಡಿಸುವುದು. ಕಳೆದ ಶತಮಾನದ ನಡುಭಾಗದಲ್ಲಿ ಎಷ್ಟೋ ವೈದ್ಯರೂ ಹೀಗೇ ನಂಬಿದ್ದರು. ಹೃದಯಾಘಾತ ಅಧಿಕಾರ ಹೊತ್ತವರ ಕಾಯಿಲೆ ಎಂಬುದು ಆಗಿನ ಸಾಮಾನ್ಯ ಜ್ಞಾನ.

1967ರಲ್ಲಿ ಲಂಡನ್ನಿನ ವೈಟ್‌ಹಾಲ್‌ನಲ್ಲಿ, ಅಂದರೆ ಬ್ರಿಟಿಷ್ ಸರ್ಕಾರದ ಕಚೇರಿಗಳು ಸಾಲುಗಟ್ಟಿ ನಿಂತ ಬೀದಿಯಲ್ಲಿ, ಒಂದು ಅಧ್ಯಯನ ಶುರುವಾಯಿತು. ಡೊನಾಲ್ಡ್ ರೀಡ್ ಮತ್ತು ಜೆಫ್ರಿ ರೋಸ್ ಎಂಬ ವೈದ್ಯರ ಮುಂದಾಳತ್ವದಲ್ಲಿ ನಡುವಯಸ್ಸಿನ ಸುಮಾರು 18,000 ಗಂಡು ನೌಕರರ ರಕ್ತದೊತ್ತಡ, ಕೊಲೆಸ್ಟರಾಲ್, ಸಿಗರೇಟಿನ ಲೆಕ್ಕ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಕಾದರು. ಯಾರು, ಯಾವಾಗ, ಯಾವುದರಿಂದ ಸತ್ತರು ಎಂಬ ದಾಖಲೆ ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಯಿತು. 1978ರಲ್ಲಿ ಮೈಕಲ್ ಮಾರ್ಮಟ್ ಮತ್ತು ಸಂಗಡಿಗರು ಏಳೂವರೆ ವರ್ಷದ ಲೆಕ್ಕ ಮುಂದಿಟ್ಟಾಗ ಕಾರಿಡಾರಿನ ನಂಬಿಕೆ ತಲೆಕೆಳಗಾಗಿತ್ತು. ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಮೇಲಿನ ದರ್ಜೆಯ ಆಡಳಿತಾಧಿಕಾರಿಗಳಿಗೆ ಹೋಲಿಸಿದರೆ ಕೆಳಗಿನ ದರ್ಜೆಯ ಜವಾನರಲ್ಲಿ 3.6 ಪಟ್ಟು ಇತ್ತು.

ಜವಾನರು ಹೆಚ್ಚು ಸಿಗರೇಟು ಸೇದುತ್ತಿದ್ದರು, ನಿಜ. ಅವರ ರಕ್ತದೊತ್ತಡವೂ ತುಸು ಹೆಚ್ಚಿತ್ತು. ಆದರೆ ಅದನ್ನೆಲ್ಲ ಲೆಕ್ಕದಿಂದ ಕಳೆದ ಮೇಲೂ ಅಪಾಯ ಎರಡು ಪಟ್ಟಿಗಿಂತ ಕೆಳಗೆ ಇಳಿಯಲಿಲ್ಲ. ನನಗೆ ಇದಕ್ಕಿಂತ ಸೋಜಿಗ ಎನಿಸುವುದು ನಡುವಿನವರ ಕತೆ. ಗುಮಾಸ್ತರು ಜವಾನರಿಗಿಂತ ವಾಸಿ, ಅವರ ಮೇಲಿನ ದರ್ಜೆಯವರು ಗುಮಾಸ್ತರಿಗಿಂತ ವಾಸಿ, ತುದಿಯಲ್ಲಿದ್ದವರು ಎಲ್ಲರಿಗಿಂತ ವಾಸಿ. ಇವರಲ್ಲಿ ಯಾರೂ ಹಸಿದವರಲ್ಲ, ಯಾರೂ ಕಲ್ಲು ಹೊರುತ್ತಿರಲಿಲ್ಲ. ಎಲ್ಲರಿಗೂ ಪಕ್ಕಾ ಸರ್ಕಾರಿ ನೌಕರಿ, ಪಿಂಚಣಿ, ದುಡ್ಡು ಕೇಳದ ಸರ್ಕಾರಿ ವೈದ್ಯಸೇವೆ. ಆದರೂ ಪದವಿಯ ಮೆಟ್ಟಿಲು ಇಳಿದಂತೆ ಆಯಸ್ಸೂ ಇಳಿಯುತ್ತಿತ್ತು. ಕುರ್ಚಿಯ ಎತ್ತರ ಹೃದಯದ ರಕ್ತನಾಳದೊಳಗೆ ಇಳಿಯುವ ದಾರಿ ಯಾವುದು ಎಂಬುದೇ ಆಗ ಎದ್ದ ಪ್ರಶ್ನೆ.

ಒಂದು ದಾರಿ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಕೂತ ಎರಡು ಪುಟ್ಟ ಅಡ್ರಿನಲ್ ಗ್ರಂಥಿಗಳ ಮೂಲಕ ಹಾದುಹೋಗುತ್ತದೆ. ಒಂದೊಂದರ ತೂಕ ನಾಲ್ಕೈದು ಗ್ರಾಂ. ಗ್ರಂಥಿಯ ಒಳತಿರುಳಿನಿಂದ ಅಡ್ರಿನಲಿನ್ ಹೊರಡುತ್ತದೆ. ರಸ್ತೆ ದಾಟುವಾಗ ಲಾರಿ ಮೈಮೇಲೆ ಬಂದಂತಾದರೆ ಕ್ಷಣಾರ್ಧದಲ್ಲಿ ಎದೆ ಡವಗುಟ್ಟಿ, ಅಂಗೈ ಬೆವರಿ, ಬಾಯಿ ಒಣಗುವುದರಲ್ಲಿ ಇದರ ಕೈವಾಡವಿದೆ. ಅದು ಬಂದಷ್ಟೇ ಬೇಗ, ಕೆಲವು ನಿಮಿಷಗಳಲ್ಲಿ, ಕರಗಿಹೋಗುತ್ತದೆ. ಹೊರಪದರದಿಂದ ಬರುವ ಕಾರ್ಟಿಸಾಲ್ ನಿಧಾನಸ್ಥ. ಮೊದಲು ಮಿದುಳಿನ ತಳದ ಹೈಪೊಥಲಮಸ್ ಹೇಳಬೇಕು, ಅದನ್ನು ಕೇಳಿ ಪಿಟ್ಯುಟರಿ ರಕ್ತಕ್ಕೆ ಇನ್ನೊಂದು ಹಾರ್ಮೋನು ಬಿಡಬೇಕು, ಅದು ಅಡ್ರಿನಲ್ ಗ್ರಂಥಿಯನ್ನು ತಲುಪಬೇಕು. ಇಷ್ಟಾಗಿ ಕಾರ್ಟಿಸಾಲ್ ಏರಿ ತುದಿ ಮುಟ್ಟುವ ಹೊತ್ತಿಗೆ ಇಪ್ಪತ್ತು ಮೂವತ್ತು ನಿಮಿಷ. ಏರಿದ್ದು ಇಳಿಯಲು ಗಂಟೆಗಟ್ಟಲೆ ಬೇಕು.

ಕಾರ್ಟಿಸಾಲನ್ನು ಖಳನಾಯಕನಂತೆ ಚಿತ್ರಿಸುವ ಲೇಖನಗಳಿಗೆ ಬರವಿಲ್ಲ. ಅದು ಅನ್ಯಾಯ. ಕಾರ್ಟಿಸಾಲ್ ಇಲ್ಲದೆ ನಾವು ಬದುಕುವುದೇ ಇಲ್ಲ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅದು ರಕ್ತದಲ್ಲಿ ಏರಿರುತ್ತದೆ, ಎದ್ದು ಅರ್ಧ ಮುಕ್ಕಾಲು ಗಂಟೆಯೊಳಗೆ ಇನ್ನೊಮ್ಮೆ ಜಿಗಿಯುತ್ತದೆ, ಸಂಜೆಯ ಹೊತ್ತಿಗೆ ಇಳಿದು ನಡುರಾತ್ರಿಯ ಆಸುಪಾಸಿನಲ್ಲಿ ತಳ ಸೇರುತ್ತದೆ. ಅಪಾಯ ಎದುರಾದಾಗ ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ, ಸ್ನಾಯುವಿನ ಪ್ರೋಟೀನನ್ನೂ ಒಡೆದು ಇಂಧನ ಮಾಡುತ್ತದೆ, ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುತ್ತದೆ. ಸದ್ಯಕ್ಕೆ ಬೇಡವಾದ ಬೆಳವಣಿಗೆ, ಸಂತಾನ, ಉರಿಯೂತದಂಥ ಖರ್ಚುಗಳನ್ನು ಮುಂದೂಡುತ್ತದೆ. ಕೆಲಸ ಮುಗಿಯುತ್ತಿದ್ದಂತೆ ತಾನೇ ಮಿದುಳಿಗೆ ಮರಳಿ ‘ಸಾಕು’ ಎನ್ನುತ್ತದೆ. ಟ್ಯಾಂಕು ತುಂಬಿದೊಡನೆ ಮೋಟಾರು ತಾನಾಗಿ ನಿಲ್ಲುವ ಏರ್ಪಾಡಿನ ಹಾಗೆ. ಕೆಡುವುದು ಈ ನಿಲ್ಲಿಸುವ ಏರ್ಪಾಡು. ಒತ್ತಡ ದಿನವೂ ಬರುತ್ತಿದ್ದರೆ, ಯಾವಾಗ ಬಂದೀತೆಂದು ಗೊತ್ತಿಲ್ಲದಿದ್ದರೆ, ಬಂದಾಗ ಮಾಡುವುದಕ್ಕೆ ಏನೂ ಇಲ್ಲದಿದ್ದರೆ, ಮೋಟಾರು ಓಡುತ್ತಲೇ ಇರುತ್ತದೆ.

ಹಾಗೆ ಓಡಿದರೆ ಮೈಗೆ ಏನಾಗುತ್ತದೆ ಎಂಬುದನ್ನು ವೈದ್ಯಲೋಕ ಕಲಿತದ್ದು ಒಂದು ಪವಾಡದ ಬೆನ್ನಿಗೆ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ಕೀಲುವಾತದಿಂದ ಹಾಸಿಗೆ ಹಿಡಿದಿದ್ದ 29ರ ಹೆಣ್ಣುಮಗಳೊಬ್ಬಳಿಗೆ ಕಾರ್ಟಿಸೋನ್ ಚುಚ್ಚಿದರು. ಅದು ಕಾರ್ಟಿಸಾಲಿನ ಒಡಹುಟ್ಟು. ಮಗ್ಗುಲು ಬದಲಿಸಲಾರದೆ ನರಳುತ್ತಿದ್ದವಳು ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದಳು. ಎರಡೇ ವರ್ಷಕ್ಕೆ, 1950ರಲ್ಲಿ, ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ಟಾಡಿಯಸ್ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಅಷ್ಟರಲ್ಲಿ ಇನ್ನೊಂದು ಮುಖವೂ ಕಾಣತೊಡಗಿತ್ತು. ಹೆಚ್ಚು ದಿನ ಮದ್ದು ಪಡೆದವರ ಮುಖ ಚಂದ್ರನಂತೆ ಊದಿಕೊಂಡಿತು. ಕೈಕಾಲು ಸೊರಗಿ ಹೊಟ್ಟೆ ಮುಂದೆ ಬಂತು. ಮೂಳೆ ಟೊಳ್ಳಾಯಿತು, ರಕ್ತದಲ್ಲಿ ಸಕ್ಕರೆ ಏರಿತು, ಸಣ್ಣ ಸೋಂಕೂ ದೊಡ್ಡದಾಯಿತು, ನಿದ್ದೆ ಹಾರಿತು. ಪಿಟ್ಯುಟರಿಯ ಗಡ್ಡೆಯಿಂದ ಮೈಯಲ್ಲೇ ಕಾರ್ಟಿಸಾಲ್ ಉಕ್ಕುವವರಲ್ಲಿ ಇದೇ ಚಿತ್ರವನ್ನು ಹಾರ್ವಿ ಕುಶಿಂಗ್ 1932ರ ಹೊತ್ತಿಗೇ ವಿವರಿಸಿದ್ದರು.

ಇದೆಲ್ಲ ದೂರದ ಕತೆಯೆಂದು ನಾವು ಹೇಳುವ ಹಾಗಿಲ್ಲ. ಕೋವಿಡ್ ಕಾಲದಲ್ಲಿ ನಮ್ಮ ಬೀದಿಬೀದಿಯಲ್ಲೂ ಈ ಪಾಠ ನಡೆಯಿತು. ಕಾರ್ಟಿಸಾಲಿಗಿಂತ ಸುಮಾರು 25 ಪಟ್ಟು ಬಲವಾದ ಡೆಕ್ಸಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡು ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು ತಗ್ಗಿಸುತ್ತದೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಲಾಭವಿಲ್ಲವೆಂದೂ ಅದೇ ಪ್ರಯೋಗ ಹೇಳಿತ್ತು. ಎರಡನೆಯ ಮಾತನ್ನು ಎಷ್ಟೋ ಜನ ಕೇಳಿಸಿಕೊಳ್ಳಲಿಲ್ಲ. 2021ರ ಎರಡನೇ ಅಲೆಯಲ್ಲಿ ಸಣ್ಣ ಜ್ವರಕ್ಕೂ ಸ್ಟೀರಾಯ್ಡು ನುಂಗಿದವರು, ಮೊದಲೇ ಶುಗರ್ ಇದ್ದವರು, ಕಪ್ಪು ಶಿಲೀಂಧ್ರದ ಬಾಯಿಗೆ ಬಿದ್ದರು. ಸೋಂಕು ತಡೆಯುವ ಶಕ್ತಿ ಕುಗ್ಗಿ, ರಕ್ತದ ಸಕ್ಕರೆ ಏರಿ ನಿಂತರೆ ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ? (ಮಧ್ಯೆ ಒಂದು ಎಚ್ಚರಿಕೆ: ಸ್ಟೀರಾಯ್ಡು ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಹೆದರಿ ತಟ್ಟನೆ ನಿಲ್ಲಿಸಬಾರದು. ಹೊರಗಿನಿಂದ ಬರುವುದಕ್ಕೆ ಒಗ್ಗಿದ ಅಡ್ರಿನಲ್ ಗ್ರಂಥಿ ಮಲಗಿರುತ್ತದೆ. ಅದನ್ನು ಎಬ್ಬಿಸುವುದು ವೈದ್ಯರ ಉಸ್ತುವಾರಿಯಲ್ಲಿ, ಹಂತಹಂತವಾಗಿ ಆಗಬೇಕಾದ ಕೆಲಸ.)

ಕಚೇರಿಯ ಕಿರಿಕಿರಿಯಿಂದ ಯಾರ ಮುಖವೂ ಚಂದ್ರನಂತೆ ಊದುವುದಿಲ್ಲ. ದಿನನಿತ್ಯದ ಒತ್ತಡದ ಕಾರ್ಟಿಸಾಲ್ ಆ ಮಟ್ಟದ್ದಲ್ಲ. ಅದರ ಹಾನಿ ಸಣ್ಣದು, ಆದರೆ ಇಪ್ಪತ್ತು ಮೂವತ್ತು ವರ್ಷ ಹರಿಯುವಂಥದ್ದು. ಹೊಟ್ಟೆಯೊಳಗಿನ ಕೊಬ್ಬಿನಲ್ಲಿ ಕಾರ್ಟಿಸಾಲಿಗೆ ಸ್ಪಂದಿಸುವ ಗ್ರಾಹಕಗಳು ಹೆಚ್ಚು, ಹಾಗಾಗಿ ಬೊಜ್ಜು ಅಲ್ಲೇ ಸೇರುತ್ತದೆ. ಯಕೃತ್ತು ಸಕ್ಕರೆ ಬಿಡುತ್ತಲೇ ಇದ್ದರೆ ಇನ್ಸುಲಿನ್ ದಣಿಯುತ್ತದೆ. ರಕ್ತದೊತ್ತಡ ಮತ್ತೆಮತ್ತೆ ಚಿಮ್ಮಿದರೆ ರಕ್ತನಾಳದ ಒಳಗೋಡೆ ತರಚುತ್ತದೆ, ತರಚಿದಲ್ಲಿ ಕೊಬ್ಬು ಕೂರುತ್ತದೆ. ಅಮೆರಿಕದ ನರವಿಜ್ಞಾನಿ ಬ್ರೂಸ್ ಮೆಕ್‌ಈವನ್ ಈ ಸವಕಳಿಯ ಒಟ್ಟು ಮೊತ್ತವನ್ನು ಅಳೆಯಬಹುದೆಂದು ವಾದಿಸಿ ಅದಕ್ಕಾಗಿಯೇ ದಶಕಗಳನ್ನು ಕಳೆದರು.

ಗಾಯ ಮಾಯುವುದರಲ್ಲಿ ಈ ಸವಕಳಿ ಕಣ್ಣಿಗೇ ಕಾಣುತ್ತದೆ. ಜಾನಿಸ್ ಕೀಕೊಲ್ಟ್-ಗ್ಲೇಸರ್ ತಂಡ 1995ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನವೊಂದರಲ್ಲಿ ಮರೆವಿನ ರೋಗದ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರಿದ್ದರು, ಹೋಲಿಕೆಗೆ ಅದೇ ವಯಸ್ಸಿನ ಬೇರೆ 13 ಮಂದಿ. ಎಲ್ಲರ ತೋಳಿನಲ್ಲೂ ಮೂರೂವರೆ ಮಿಲಿಮೀಟರ್ ಅಗಲದ ಒಂದೇ ಅಳತೆಯ ಗಾಯ ಮಾಡಿದರು. ಬೇರೆಯವರಿಗೆ ಸರಾಸರಿ 39 ದಿನಕ್ಕೆ ಮಾದ ಗಾಯ ಆರೈಕೆಯ ಹೆಂಗಸರಿಗೆ ಮಾಯಲು ಸುಮಾರು 49 ದಿನ ಬೇಕಾಯಿತು. ಹಾಸಿಗೆ ಹಿಡಿದ ಅತ್ತೆಮಾವಂದಿರ ಸೇವೆಯಲ್ಲಿ ವರ್ಷಗಳನ್ನೇ ಸವೆಸುವ ಹೆಂಗಸರು ನಮ್ಮ ಊರುಗಳಲ್ಲಿ ಎಷ್ಟು ಮಂದಿ! ಅವರನ್ನು ಹೊಗಳುವ ಮಾತುಗಳು ಬೇಕಾದಷ್ಟಿವೆ, ವಾರಕ್ಕೊಂದು ದಿನ ಬಿಡುವು ಕೊಡುವವರು ಕಡಿಮೆ.

ಇಲ್ಲೊಂದು ಒಗಟಿದೆ. ಕಾರ್ಟಿಸಾಲ್ ಉರಿಯೂತವನ್ನು ತಗ್ಗಿಸುವ ಹಾರ್ಮೋನು. ಆದರೆ ಬಹುಕಾಲ ಒತ್ತಡದಲ್ಲಿದ್ದವರ ರಕ್ತದಲ್ಲಿ ಉರಿಯೂತದ ಗುರುತುಗಳು ಹೆಚ್ಚೇ ಕಾಣುತ್ತವೆ. ಸದಾ ಗದರುವ ಹಾರ್ಮೋನಿಗೆ ರೋಗನಿರೋಧಕ ಕಣಗಳು ಕಿವುಡಾಗುತ್ತವೆ ಎಂಬುದು ಈಗಿನ ವಿವರಣೆ. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ, 293 ಜನರ ಸ್ಕ್ಯಾನ್ ಆಧರಿಸಿದ ಅಧ್ಯಯನ ಇದಕ್ಕೆ ಇನ್ನೊಂದು ಕೊಂಡಿ ಜೋಡಿಸಿತು. ಭಯವನ್ನು ಗ್ರಹಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗ ಯಾರಲ್ಲಿ ಹೆಚ್ಚು ಚುರುಕಾಗಿತ್ತೋ ಅವರ ಮೂಳೆಮಜ್ಜೆಯೂ ಚುರುಕಾಗಿತ್ತು, ರಕ್ತನಾಳದ ಗೋಡೆಯಲ್ಲಿ ಉರಿಯೂತ ಹೆಚ್ಚಿತ್ತು, ಮುಂದಿನ ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳೂ ಅವರಲ್ಲೇ ಹೆಚ್ಚಾದವು.

ವೈಟ್‌ಹಾಲ್‌ಗೆ ಮರಳೋಣ. 1985ರಲ್ಲಿ ಮಾರ್ಮಟ್ ಎರಡನೇ ಅಧ್ಯಯನ ಶುರುಮಾಡಿದರು. ಈ ಸಲ ಹೆಂಗಸರೂ ಸೇರಿ 10,308 ಜನ. ಕೆಲಸ ಎಷ್ಟು ಎಂದು ಕೇಳಿದ್ದಲ್ಲದೆ, ಆ ಕೆಲಸದಲ್ಲಿ ನಿಮ್ಮ ಮಾತು ಎಷ್ಟು ನಡೆಯುತ್ತದೆ ಎಂದೂ ಕೇಳಿದರು. ಯಾವುದನ್ನು ಮೊದಲು ಮಾಡಬೇಕು, ಯಾವಾಗ ಎದ್ದು ಹೋಗಬಹುದು, ಹೇಗೆ ಮಾಡಬೇಕು ಎಂಬುದನ್ನು ತೀರ್ಮಾನಿಸುವವರು ನೀವೋ ಬೇರೆಯವರೋ? ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರುವುದು ಹೃದಯದ ಕಾಯಿಲೆಯ ಈ ಮೆಟ್ಟಿಲುಗಳನ್ನು ಬಹುಪಾಲು ವಿವರಿಸುತ್ತದೆಂದು 1997ರ ವರದಿ ಹೇಳಿತು. ಸಾಹೇಬರ ಮೇಲೆ ಹೊರೆ ಹೆಚ್ಚು, ಆದರೆ ಫೋನು ಎತ್ತಬೇಕೋ ಬೇಡವೋ ಎಂಬುದು ಅವರ ಕೈಯಲ್ಲಿದೆ. ಜವಾನನ ಬೆಲ್ ಮಾತ್ರ ಯಾವಾಗಲೂ ಬೇರೆಯವರ ಕೈಯಲ್ಲಿ.

ಮುಂದೆ 2002ರಿಂದ 2004ರವರೆಗೆ ಈ ನೌಕರರಿಂದ ದಿನಕ್ಕೆ ಆರು ಸಲ ಎಂಜಲು ಸಂಗ್ರಹಿಸಿ ಕಾರ್ಟಿಸಾಲ್ ಅಳೆದರು. ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ 2011ರಲ್ಲಿ ಹೊರಬಂತು. ಬೆಳಿಗ್ಗೆ ಏರಿ ರಾತ್ರಿ ಇಳಿಯಬೇಕಾದ ಇಳಿಜಾರು ಯಾರಲ್ಲಿ ಚಪ್ಪಟೆಯಾಗಿತ್ತೋ, ಅಂದರೆ ಮಲಗುವ ಹೊತ್ತಿಗೂ ಯಾರ ಕಾರ್ಟಿಸಾಲ್ ಸರಿಯಾಗಿ ಇಳಿದಿರಲಿಲ್ಲವೋ, ಅವರು ಹೃದಯದ ಕಾಯಿಲೆಯಿಂದ ಸಾಯುವ ಸಂಭವ ಹೆಚ್ಚಿತ್ತು. ಹಾರ್ಮೋನು ಎಷ್ಟು ಏರಿತು ಎನ್ನುವುದಕ್ಕಿಂತ ಇಳಿಯಿತೋ ಇಲ್ಲವೋ ಎಂಬುದೇ ಮುಖ್ಯವಾಗಿ ಕಂಡಿತು. ಅಮೆರಿಕದ ಹಗಲಿಗೆ ಹೊಂದಿಕೊಂಡು ಬೆಂಗಳೂರಿನ ರಾತ್ರಿಯಿಡೀ ಎದ್ದಿರುವ ಕಾಲ್ ಸೆಂಟರಿನವರ ಮಟ್ಟಿಗೆ ಇದು ಬರೀ ಲಂಡನ್ನಿನ ಸುದ್ದಿಯಲ್ಲ.

ವೈಟ್‌ಹಾಲ್‌ನ ಕೆಳದರ್ಜೆಯವರು ಎತ್ತರದಲ್ಲೂ ಕಡಿಮೆಯಿದ್ದರು. ಎತ್ತರ ತೀರ್ಮಾನವಾಗುವುದು ಕಚೇರಿಯಲ್ಲಲ್ಲ, ಬಾಲ್ಯದಲ್ಲಿ. ಹಾಗಿದ್ದರೆ ಕತೆಯ ಒಂದು ಭಾಗ ನೌಕರಿಗೂ ಮುಂಚೆ, ಬಹುಶಃ ತಾಯಿಯ ಹೊಟ್ಟೆಯಲ್ಲೇ ಶುರುವಾಗಿರಬೇಕು. ಈ ಜಾಡು ಹಿಡಿದವರಿಗೆ ದಾರಿ ತೋರಿದ ಊರುಗಳಲ್ಲಿ ಮೈಸೂರೂ ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿತ್ತು. ಆ ಹಳೆಯ ಪುಸ್ತಕಗಳನ್ನು ಹಿಡಿದು ಸಂಶೋಧಕರು ನಡುವಯಸ್ಸು ದಾಟಿದ ಆ ‘ಮಕ್ಕಳ’ ಮನೆ ಹುಡುಕಿಕೊಂಡು ಹೋದರು. 2003ರಲ್ಲಿ ಪ್ರಕಟವಾದ ಒಂದು ವರದಿಯ ಪ್ರಕಾರ ಮೈಸೂರಿನ ಈ ಗಂಡಸರು ಹೆಂಗಸರಲ್ಲಿ ಖಾಲಿ ಹೊಟ್ಟೆಯ ಕಾರ್ಟಿಸಾಲ್ ಹೆಚ್ಚಿದ್ದವರ ರಕ್ತದೊತ್ತಡ ಮತ್ತು ಸಕ್ಕರೆಯೂ ಹೆಚ್ಚಿದ್ದವು, ಮೈಯಲ್ಲಿ ಕೊಬ್ಬು ಸೇರಿದ್ದವರಲ್ಲಿ ಈ ನಂಟು ಇನ್ನೂ ಬಿಗಿಯಾಗಿತ್ತು.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಇನ್ನೊಂದು ತಂಡ ಬೆನ್ನುಹತ್ತಿತು. ಮಕ್ಕಳು ಹದಿಹರೆಯಕ್ಕೆ ಬಂದಾಗ ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಅವರಲ್ಲಿ ಹಲವರಿಗೆ ಒಂದು ಪರೀಕ್ಷೆ ಒಡ್ಡಿದರು. ಅಪರಿಚಿತ ದೊಡ್ಡವರ ಮುಂದೆ ಐದು ನಿಮಿಷ ನಿಂತು ಮಾತಾಡಬೇಕು, ಇನ್ನೈದು ನಿಮಿಷ ಬಾಯಿಲೆಕ್ಕ ಮಾಡಬೇಕು. ವೇದಿಕೆ ಹತ್ತಿ ಭಾಷಣ ಮರೆತ ಯಾರಿಗೂ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಮುಂಚೆ, ಆಮೇಲೆ ಎಂಜಲಿನ ಕಾರ್ಟಿಸಾಲ್, ಜೊತೆಗೆ ಹೃದಯದ ವರ್ತನೆ ಅಳೆದರು. ಗರ್ಭಿಣಿಯಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದ ತಾಯಂದಿರ ಮಕ್ಕಳಲ್ಲಿ ಹೃದಯ ಮತ್ತು ರಕ್ತನಾಳಗಳ ಪ್ರತಿಕ್ರಿಯೆ ಜೋರಾಗಿತ್ತು.

ಹಾಗೆಂದು ಎಲ್ಲದಕ್ಕೂ ಟೆನ್ಷನ್ನೇ ಕಾರಣ ಎನ್ನುವವರನ್ನು ಕಂಡರೆ ನಾನು ಹಿಂದೆ ಸರಿಯುತ್ತೇನೆ. ‘ಒತ್ತಡ’ವನ್ನು ವೈದ್ಯಶಾಸ್ತ್ರದ ಮಾತಾಗಿಸಿದ ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳನ್ನು ಬಗೆಬಗೆಯಾಗಿ ಹಿಂಸಿಸಿ ಅವುಗಳ ಜಠರದಲ್ಲಿ ಹುಣ್ಣು ಕಂಡರು. ಅಲ್ಲಿಂದ ಮುಂದೆ ದಶಕಗಟ್ಟಲೆ ಹೊಟ್ಟೆಹುಣ್ಣಿನವರಿಗೆಲ್ಲ ಸಿಕ್ಕ ಸಲಹೆ ಚಿಂತೆ ಬಿಡಿ, ಖಾರ ಬಿಡಿ ಎಂದೇ. ಬಹುಪಾಲು ಹುಣ್ಣಿಗೆ ಹೆಲಿಕೊಬ್ಯಾಕ್ಟರ್ ಎಂಬ ಸೂಕ್ಷ್ಮಾಣುವೂ ನೋವಿನ ಮಾತ್ರೆಗಳೂ ಕಾರಣ ಎಂದು ಆಮೇಲೆ ತಿಳಿಯಿತು. ಆ ಸೂಕ್ಷ್ಮಾಣುವನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್‌ಗೆ 2005ರಲ್ಲಿ ನೊಬೆಲ್ ಬಂತು. ಇದಕ್ಕಿಂತ ಕಹಿಯಾದ ಸಂಗತಿಯೂ ಇದೆ: ಸೆಲ್ಯೆ ತಂಬಾಕು ಕಂಪನಿಗಳಿಂದ ಹಣ ಪಡೆದಿದ್ದರು. ಎದೆನೋವಿಗೆ ಕಾರಣ ಸಿಗರೇಟಲ್ಲ, ಟೆನ್ಷನ್ ಎನ್ನುವುದು ಆ ಕಂಪನಿಗಳಿಗೆ ತುಂಬ ಅನುಕೂಲದ ಮಾತಾಗಿತ್ತು. ಟೆನ್ಷನ್ ಜಾಸ್ತಿ ಅದಕ್ಕೇ ಸೇದುತ್ತೇನೆ ಎನ್ನುವವರಿಗೆ ಈ ಇತಿಹಾಸ ಗೊತ್ತಿದ್ದರೆ ಒಳ್ಳೆಯದು.

2025ರಲ್ಲಿ ಹಾಸನದಿಂದ ಹೃದಯಾಘಾತದ ಸುದ್ದಿಗಳು ಸಾಲಾಗಿ ಬಂದಾಗ ಜನ ಇಸಿಜಿಗಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಮುಂಜಾನೆಯೇ ಸಾಲುಗಟ್ಟಿದರು. ಸರ್ಕಾರದ ತಜ್ಞರ ಸಮಿತಿ ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲವೆಂದು ಹೇಳಿತು. ಧೂಮಪಾನ, ಮದ್ಯ, ಶುಗರ್, ಬಿ.ಪಿ.ಗಳತ್ತ ಬೊಟ್ಟು ಮಾಡಿತು. ಸತ್ತವರಲ್ಲಿ ಆಟೊ, ಕ್ಯಾಬ್ ಚಾಲಕರು ಗಮನಾರ್ಹ ಸಂಖ್ಯೆಯಲ್ಲಿದ್ದರು ಎಂಬುದೂ ಆಗ ಬೆಳಕಿಗೆ ಬಂತು. ಕೂತಲ್ಲೇ ಹನ್ನೆರಡು ಗಂಟೆ, ಹೊತ್ತಲ್ಲದ ಹೊತ್ತಿನಲ್ಲಿ ಊಟ, ಅರೆಬರೆ ನಿದ್ದೆ, ಮುಂದಿನ ಸಿಗ್ನಲ್ ಮೇಲೂ ಹಿಂದಿನ ಸವಾರಿಯ ಸಿಟ್ಟಿನ ಮೇಲೂ ಹಿಡಿತವಿಲ್ಲ. ಇಲ್ಲಿ ಹಾರ್ಮೋನಿನ ಪಾಲೆಷ್ಟು, ಸಿಗರೇಟಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಯಾವ ಸಮಿತಿಗೂ ಸುಲಭವಲ್ಲ. ಅವೆರಡೂ ಒಂದೇ ಸೀಟಿನಲ್ಲಿ ಕೂತು ಪ್ರಯಾಣಿಸುತ್ತವೆ.

ಉಸಿರಾಟ, ಧ್ಯಾನ, ನಡಿಗೆ ಎಲ್ಲವೂ ಒಳ್ಳೆಯವೇ. ನಡಿಗೆ, ನಿದ್ದೆಗಳಿಂದ ರಕ್ತದೊತ್ತಡ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯೂ ಇದೆ. ಆದರೆ ನೌಕರರ ಮೇಲೆ ವರ್ಷವಿಡೀ ಹೊರೆ ಹೇರಿ, ವರ್ಷಕ್ಕೊಮ್ಮೆ ‘ಒತ್ತಡ ನಿರ್ವಹಣೆ’ಯ ಶಿಬಿರ ನಡೆಸಿ ಕೈತೊಳೆದುಕೊಳ್ಳುವ ಪದ್ಧತಿ ನನಗೆ ಹಿಡಿಸದು. ಬದಲಾಗಬೇಕಾದದ್ದು ಸುತ್ತಲಿನ ಏರ್ಪಾಡು. ಕೀನ್ಯಾದ ಬಯಲಿನಲ್ಲಿ 1970ರ ದಶಕದ ಕೊನೆಯಿಂದ ಬಬೂನ್ ಕೋತಿಗಳನ್ನು ಗಮನಿಸುತ್ತಿದ್ದ ರಾಬರ್ಟ್ ಸಪೋಲ್ಸ್ಕಿ, ಕೆಳಸ್ತರದ ಗಂಡುಗಳಲ್ಲಿ ಒತ್ತಡದ ಹಾರ್ಮೋನು ಸದಾ ಏರಿರುತ್ತದೆಂದು ತೋರಿಸಿದವರು. 1980ರ ದಶಕದಲ್ಲಿ ಒಂದು ಹಿಂಡಿನ ಪುಂಡ ಗಂಡುಗಳು ಪ್ರವಾಸಿ ಲಾಡ್ಜಿನ ಕಸದಗುಂಡಿಗೆ ನುಗ್ಗಿ ಸೋಂಕಿನ ಮಾಂಸ ತಿಂದು ಕ್ಷಯದಿಂದ ಸತ್ತವು. ಉಳಿದವು ಹೆಣ್ಣುಗಳು, ಮರಿಗಳು, ಜಗಳಕ್ಕೆ ಹೋಗದ ಗಂಡುಗಳು. ಹಿಂಡಿನ ನಡವಳಿಕೆಯೇ ಮೆತ್ತಗಾಯಿತು. ಮುಂದೆ ಹೊರಗಿನಿಂದ ಬಂದು ಸೇರಿದ ಗಂಡುಗಳೂ ಅದನ್ನೇ ಕಲಿತವು, ಕೆಳಸ್ತರದ ಗಂಡುಗಳ ಮೈಯಲ್ಲಿ ಎಂದಿನ ಒತ್ತಡದ ಗುರುತುಗಳು ಕಾಣಲಿಲ್ಲ. ಅಲ್ಲಿ ಯಾರೂ ಪ್ರಾಣಾಯಾಮ ಕಲಿಸಿರಲಿಲ್ಲ.

ಮನುಷ್ಯರಲ್ಲೂ ಇಂಥದ್ದು ಆಗಿದೆ, ಯಾರೂ ಸಾಯಬೇಕಾಗದೆ. 1990ರ ದಶಕದಲ್ಲಿ ಸ್ಟಾಕ್‌ಹೋಮ್‌ನ ಒಂದು ಬಸ್ ಮಾರ್ಗದಲ್ಲಿ ಕೆಲವು ಬದಲಾವಣೆ ಮಾಡಿದರು: ಬಸ್ಸಿಗೆ ಪ್ರತ್ಯೇಕ ಪಥ, ಬಸ್ಸಿಗೆ ದಾರಿ ಬಿಡುವ ಸಿಗ್ನಲ್, ಚಾಲಕನನ್ನು ಪ್ರಶ್ನೆ ಕೇಳುವ ಅಗತ್ಯ ಬಾರದಂತೆ ಪ್ರಯಾಣಿಕರಿಗೆ ಮಾಹಿತಿ. ಆ ಮಾರ್ಗದ ಚಾಲಕರ ರಕ್ತದೊತ್ತಡ ಮತ್ತು ನಾಡಿಬಡಿತ ಕೆಲಸದ ಹೊತ್ತಿನಲ್ಲೇ ಇಳಿದಿದ್ದನ್ನು ಸಂಶೋಧಕರು ಅಳೆದು ತೋರಿಸಿದರು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ 2019ರಲ್ಲಿ ಬಸ್ಸಿಗೆಂದೇ ಒಂದು ಪಥ ಮಾಡಿದ್ದರು. ಮೆಟ್ರೊ ಕಾಮಗಾರಿ ಬಂದು ಅದು ಉಳಿಯಲಿಲ್ಲ. ಬಿಎಂಟಿಸಿಯಲ್ಲಿ ಸ್ಟಿಯರಿಂಗ್ ಹಿಡಿದು ಟಿಕೆಟ್ಟನ್ನೂ ಕೊಡುವ ಚಾಲಕ–ನಿರ್ವಾಹಕರಿದ್ದಾರೆ. ಆ ಪಥ ಮತ್ತೆ ಬರುವುದಾದರೆ ಡಿಪೊದಲ್ಲಿ ಒಂದು ಬಿ.ಪಿ. ಯಂತ್ರ ಇಟ್ಟು, ಪಥಕ್ಕೆ ಮುಂಚೆಯೂ ಆಮೇಲೆಯೂ ಇವರ ತೋಳಿಗೆ ಪಟ್ಟಿ ಸುತ್ತಿ ಅಳೆಯುವುದು ದುಬಾರಿ ಸಂಶೋಧನೆಯೇನಲ್ಲ.